ಜಾಲಂದ್ರದ ಒಳಗೂ ಹೊರಗೂ

ಇಂಜಿನಿಯರಾಗಿ ನಿವೃತ್ತರಾದ ಮಿತ್ರರೊಬ್ಬರು ನನಗಿದ್ದಾರೆ. ಕೊಲ್ಲಿಯ ದೇಶಗಳಲ್ಲಿ ಹಲವು ವರ್ಷ ದುಡಿದು ಬಂದವರು. ಮೊನ್ನೆ ಮನೆಗೆ ಬಂದವರು ನನ್ನ ಮೇಜಿನ ಮೇಲಿದ್ದ ಎರಡು ಪುಸ್ತಕಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಇನ್ನೊಂದನ್ನು ಬದಿಗೆ ಸರಿಸಿದರು. ಕೈಗೆತ್ತಿಕೊಂಡದ್ದು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ಗೌರ್ನಾ ಗ್ರಾಮವನ್ನು ಕಟ್ಟಿದ ತನ್ನ ಅನುಭವವನ್ನು ಕುರಿತು ಬರೆದ ಪುಸ್ತಕ. ಸರಿಸಿದ್ದು ಅದೇ ದೇಶದ ನಗೀಬ್ ಮಹಫೂಜನ ಕಾದಂಬರಿ.

"ಅರಬರ ಊರುಗಳು ಹೇಗಿದ್ದವು, ಎಲ್ಲಿ ಕೆಟ್ಟವು ಎಂಬುದು ತಿಳಿಯಬೇಕಾದರೆ ಇದನ್ನು ಓದಬೇಕು. ಕಟ್ಟುಕತೆ ಓದಿ ಊರು ಕಟ್ಟುವುದಕ್ಕಾಗುತ್ತದೆಯೇ ಸ್ವಾಮಿ?" ಎಂದರು.

ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಅವರು ಹೋದಮೇಲೆ ಎರಡನ್ನೂ ಮತ್ತೊಮ್ಮೆ ಓದಿದೆ. ನಾನು ಕೈರೋ ನೋಡಿದವನಲ್ಲ. ಅರಬ್ಬೀ ಬಲ್ಲವನೂ ಅಲ್ಲ. ಇಂಗ್ಲಿಷ್ ಅನುವಾದಗಳ ಮೂಲಕ ಈ ಲೇಖಕರ ಪರಿಚಯ ಮಾಡಿಕೊಂಡವನು. ಆದರೂ ಈ ಎರಡು ಪುಸ್ತಕಗಳನ್ನು ಎದುರುಬದುರಾಗಿ ಇಟ್ಟುಕೊಂಡು ಓದಿದಾಗ, ‘ಸಂಪ್ರದಾಯವೋ ಆಧುನಿಕತೆಯೋ’ ಎಂದು ನಾವು ಸದಾ ಹೂಡುವ ವ್ಯಾಜ್ಯದಲ್ಲಿ ಒಬ್ಬ ಸಾಕ್ಷಿಯನ್ನು ಕರೆಯುವುದನ್ನೇ ಮರೆತಿದ್ದೇವೆ ಎಂದು ತೋರಿತು. ಆ ಸಾಕ್ಷಿ ಎಂದರೆ ಮನೆಯೊಳಗೆ ಕುಳಿತವರು. ಈ ಲೇಖನಕ್ಕೆ ಅದೇ ಪ್ರೇರಣೆ.

ಮೊದಲು ಊರಿನ ಸಂಗತಿ. ಕೈರೋ ಒಂದು ನಗರವಲ್ಲ, ಪಕ್ಕಪಕ್ಕದಲ್ಲಿ ನಿಂತ ಎರಡು ನಗರಗಳು. ಪೂರ್ವಕ್ಕೆ, ಫಾತಿಮೀ ಖಲೀಫರು 969ರಲ್ಲಿ ಸ್ಥಾಪಿಸಿದ ಹಳೆಯ ಊರು. ಮಸೀದಿ, ಮದ್ರಸಾ, ಸಂತೆಯ ಬೀದಿ, ಬೀದಿಯಿಂದ ಒಡೆದ ಓಣಿ, ಓಣಿಯಿಂದ ಒಡೆದು ಮುಂದೆ ದಾರಿಯಿಲ್ಲದೆ ನಿಂತುಬಿಡುವ ಸಂದಿ. ಪಶ್ಚಿಮಕ್ಕೆ, ನೈಲ್ ನದಿಯ ಕಡೆಗೆ, ಖೇದಿವ್ ಇಸ್ಮಾಯಿಲ್ ಕಟ್ಟಿಸಿದ ಹೊಸ ಊರು. ಈ ದೊರೆ 1867ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಹೋಗಿ, ಅಲ್ಲಿನ ನೇರ ರಸ್ತೆಗಳಿಗೆ ಮರುಳಾಗಿ ಹಿಂತಿರುಗಿದ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಸಮಾರಂಭಕ್ಕೆ ಯೂರೋಪಿನ ರಾಜರಾಣಿಯರು ಬರುವವರಿದ್ದರು. ಅವರ ಕಣ್ಣಿಗೆ ಬೀಳಲೆಂದು ಚೌಕ, ಉದ್ಯಾನ, ನಾಟಕಶಾಲೆ, ದೀಪದ ಕಂಬಗಳ ಸಾಲು ಎಲ್ಲವೂ ಎದ್ದುನಿಂತವು. ಹಳೆಯ ಊರನ್ನೂ ಬಿಡಲಿಲ್ಲ. ಅಜ್ಬಕಿಯ್ಯಾ ಉದ್ಯಾನದಿಂದ ಕೋಟೆಯ ಬುಡದಲ್ಲಿರುವ ಸುಲ್ತಾನ್ ಹಸನ್ ಮಸೀದಿಯವರೆಗೆ, ಸುಮಾರು 2 ಕಿಲೋಮೀಟರು ಉದ್ದ, ಮನೆ ಮಸೀದಿಗಳನ್ನು ನೋಡದೆ ಓರೆಯಾಗಿ ಒಂದು ರಸ್ತೆ ಹಾಯಿತು. ಈ ಖರ್ಚಿಗೆಲ್ಲ ಸಾಲವೇ ಆಧಾರ. ಸಾಲಗಾರರು 1876ರಲ್ಲಿ ಖಜಾನೆಯ ಮೇಲೆ ಕೈಯಿಟ್ಟರು. 1879ರಲ್ಲಿ ಇಸ್ಮಾಯಿಲ್ ಪದವಿ ಕಳೆದುಕೊಂಡ. 1882ರಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿಯಿತು. ಹೊಸ ಬೀದಿ ಯಾರಿಗಾಗಿ ಸಿದ್ಧವಾಯಿತು ಎಂದು ಹಳೆಯ ಊರಿನವರು ಕೇಳಿದ್ದರೆ ತಪ್ಪಿಲ್ಲ.

ಇಸ್ಮಾಯಿಲನ ಈ ಕಾಮಗಾರಿಗಳನ್ನು ನಡೆಸಿದ ಮಂತ್ರಿ ಅಲಿ ಮುಬಾರಕ್ ಎಂಬವನೇ ಮುಂದೆ 1880ರ ದಶಕದಲ್ಲಿ ಈಜಿಪ್ಟಿನ ಊರು ಕೇರಿಗಳನ್ನು ಕುರಿತು 20 ಸಂಪುಟಗಳ ಗ್ರಂಥವನ್ನು ಪ್ರಕಟಿಸಿ, ಕೈರೋದ ಬೀದಿ, ಮಸೀದಿ, ಸ್ನಾನಗೃಹಗಳ ವಿವರಗಳನ್ನೆಲ್ಲ ಬರೆದಿಟ್ಟ. ಒಂದು ಕೈಯಿಂದ ಕೆಡವಿದವನೇ ಇನ್ನೊಂದು ಕೈಯಿಂದ ದಾಖಲೆ ಮಾಡಿದ. ಅರಬ್ ದೇಶಗಳ ಆಧುನಿಕ ಮನಸ್ಸಿನ ಇಬ್ಬಂದಿತನವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆಯನ್ನು ನಾನು ಕಂಡಿಲ್ಲ.

ಇನ್ನು ಹಸನ್ ಫತ್ಹಿಯ ವಾದ. 1900ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಈತ, ಸಿಮೆಂಟು ಗಾಜುಗಳ ಕಟ್ಟಡವೇ ನಾಗರಿಕತೆ ಎಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ ಹಸಿ ಇಟ್ಟಿಗೆಯ ಪರವಾಗಿ ನಿಂತ ಧೀರ. ಅವನ ಮಾತಿನ ಸಾರಾಂಶವಿಷ್ಟೆ: ಹಳೆಯ ಅರಬ್ ಮನೆಯ ರೂಪ ಯಾರದೋ ಅಲಂಕಾರದ ಹುಚ್ಚಲ್ಲ, ಅದು ಬಿಸಿಲನ್ನು ಬಲ್ಲವರು ಕಂಡುಕೊಂಡ ಉಪಾಯ. ನಡುವಿನ ಅಂಗಳದಲ್ಲಿ ರಾತ್ರಿಯ ತಂಪು ಇಳಿದು ನಿಲ್ಲುತ್ತದೆ. ಬೆಳಗಾದ ಮೇಲೂ ಗೋಡೆಗಳ ನೆರಳಿನಲ್ಲಿ ಬಹಳ ಹೊತ್ತು ಉಳಿದು ಕೋಣೆಗಳಿಗೆ ಹರಿಯುತ್ತದೆ. ಚಾವಣಿಯ ಮೇಲೆ ಉತ್ತರದ ಗಾಳಿಗೆ ಬಾಯ್ದೆರೆದ ಗೂಡನ್ನು ‘ಮಲ್ಕಫ್’ ಎನ್ನುತ್ತಾರೆ. ಅದು ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಹಜಾರಕ್ಕೆ ಇಳಿಸುತ್ತದೆ. ಬೀದಿಗೆ ಚಾಚಿದ ‘ಮಶ್ರಬಿಯ್ಯಾ’ ಎಂಬ ಜಾಲಂದ್ರ, ಕಡೆದ ಮರದ ಸಣ್ಣ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಮಾಡಿದ್ದು. ಬಿಸಿಲಿನ ಝಳವನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಕುಡಿಯುವ ನೀರಿನ ಹೂಜಿಗಳನ್ನು ತಂಪಿಗಾಗಿ ಇಡುತ್ತಿದ್ದ ಜಾಗವಾದುದರಿಂದಲೇ ಅದಕ್ಕೆ ಆ ಹೆಸರು ಬಂತೆನ್ನುತ್ತಾರೆ.

ಮನೆಗಿದ್ದಂತೆ ಓಣಿಗೂ ಒಂದು ನ್ಯಾಯವಿತ್ತು. ನೆರೆಯವನ ಅಂಗಳಕ್ಕೆ ಕಣ್ಣು ಹಾಯುವಂತೆ ಕಿಟಕಿ ತೆರೆಯಬಾರದು. ಒಬ್ಬನ ಅನುಕೂಲ ಇನ್ನೊಬ್ಬನಿಗೆ ಕೇಡಾಗಬಾರದು. ಕೊನೆಮುಚ್ಚಿದ ಸಂದಿ ಅಲ್ಲಿ ಬಾಗಿಲಿರುವವರೆಲ್ಲರ ಸೊತ್ತು. 14ನೇ ಶತಮಾನದ ತೂನಿಸ್ ನಗರದಲ್ಲಿ ಇಬ್ನ್ ಅಲ್-ರಾಮಿ ಎಂಬ ಮೇಸ್ತ್ರಿ ಇಂಥ ತಕರಾರುಗಳನ್ನೂ ತೀರ್ಪುಗಳನ್ನೂ ಕೂಡಿಸಿ ಒಂದು ಗ್ರಂಥವನ್ನೇ ಬರೆದಿಟ್ಟಿದ್ದಾನೆ. ಡೊಂಕುಡೊಂಕಾದ ಓಣಿಯನ್ನು ಕಂಡು ಯಾವ ಯೋಜನೆಯೂ ಇಲ್ಲದೆ ಬೆಳೆದ ಊರೆಂದು ಯೂರೋಪಿನವರು ಮೂಗು ಮುರಿದರು. ಯೋಜನೆ ಇತ್ತು, ಅದು ನಕ್ಷೆಯ ಮೇಲಿರಲಿಲ್ಲ, ನೆರೆಹೊರೆಯ ಮಾತಿನಲ್ಲಿತ್ತು. ಇಂಥ ಕೇರಿಗೆ ಕೈರೋದಲ್ಲಿ ‘ಹಾರಾ’ ಎಂದೂ ಬೇರೆ ಅರಬ್ ಊರುಗಳಲ್ಲಿ ‘ಮಹಲ್ಲಾ’ ಎಂದೂ ಹೆಸರು. ಮೈಸೂರಿನವರು ಲಷ್ಕರ್ ಮೊಹಲ್ಲಾ, ದೇವರಾಜ ಮೊಹಲ್ಲಾ ಎನ್ನುವಾಗ ತಮಗರಿಯದೆ ಆಡುವುದು ಇದೇ ಮಾತನ್ನು.

ಇಷ್ಟನ್ನು ಓದಿ ಮುಗಿಸಿದಾಗ ನಾನು ಪೂರ್ತಿಯಾಗಿ ಫತ್ಹಿಯ ಪಕ್ಷದವನಾಗಿದ್ದೆ. ಹಳೆಯದನ್ನು ಕಳೆದುಕೊಂಡವರೆಲ್ಲ ಮೂರ್ಖರು ಎಂಬ ಸುಲಭವಾದ ತೀರ್ಮಾನಕ್ಕೂ ಬಂದುಬಿಟ್ಟಿದ್ದೆ. ನನ್ನನ್ನು ಅಲ್ಲಿಂದ ಎಬ್ಬಿಸಿದವನು ಮಹಫೂಜ್.

ಮಹಫೂಜ್ ಹುಟ್ಟಿದ್ದು 1911ರಲ್ಲಿ, ಹಳೆಯ ಕೈರೋದ ಗಮಾಲಿಯ್ಯಾ ಕೇರಿಯಲ್ಲಿ. ಅವನ ಪ್ರಸಿದ್ಧ ಕಾದಂಬರಿತ್ರಯ 1956–57ರಲ್ಲಿ ಹೊರಬಂತು. ಮೂರು ಸಂಪುಟಗಳ ಹೆಸರುಗಳೂ, ‘ಬೈನ್ ಅಲ್-ಕಸ್ರೈನ್’, ‘ಕಸ್ರ್ ಅಲ್-ಶೌಕ್’, ‘ಅಲ್-ಸುಕ್ಕರಿಯ್ಯಾ’, ಆ ಕೇರಿಯ ನಿಜವಾದ ಬೀದಿಗಳ ಹೆಸರುಗಳು. ವ್ಯಾಪಾರಿ ಅಹ್ಮದ್ ಅಬ್ದುಲ್ ಜವಾದನ ಮನೆಯ ಮೂರು ತಲೆಮಾರಿನ ಕಥೆ. ಕಾಲ 1917ರಿಂದ 1944ರವರೆಗೆ. ಮೊದಲ ಸಂಪುಟದ ಆರಂಭದಲ್ಲಿಯೇ ಅವನ ಹೆಂಡತಿ ಅಮೀನಾ ನಡುರಾತ್ರಿಯಲ್ಲಿ ಎಚ್ಚರಗೊಂಡು, ಗಂಡ ಬರುವುದನ್ನು ಕಾಯುತ್ತ ಮಶ್ರಬಿಯ್ಯಾದೊಳಗೆ ನಿಂತು ಬೀದಿಯನ್ನು ನೋಡುತ್ತಾಳೆ. ಗಂಡ ಹೊರಗೆ ಗೆಳೆಯರೊಡನೆ ಹಾಡು ಕುಡಿತಗಳಲ್ಲಿ ಮೈಮರೆತಿರುವ ರಸಿಕ. ಮನೆಯೊಳಗೆ ಮಾತ್ರ ಸಿಂಹ. ಮದುವೆಯಾಗಿ ಇಷ್ಟು ವರ್ಷಗಳಾದರೂ ಅವಳು ಕಂಡ ಕೈರೋ ಎಂದರೆ ಆ ಜಾಲಂದ್ರದ ತೂತುಗಳಿಂದ ಕಂಡಷ್ಟು, ಮಾಳಿಗೆಯಿಂದ ಕಂಡ ಮಿನಾರುಗಳಷ್ಟು.

ಫತ್ಹಿ ಯಾವುದನ್ನು ಗಾಳಿಯ ಹಾದಿ ಎಂದು ಹೊಗಳಿದನೋ ಅದು ಇಲ್ಲಿ ಸೆರೆಮನೆಯ ಸರಳೂ ಹೌದು. ವಾಸ್ತುಶಿಲ್ಪಿಯ ಕಣ್ಣಿಗೆ ಗಾಳಿ ಕಂಡಿತು; ಕಾದಂಬರಿಕಾರನ ಕಣ್ಣಿಗೆ ಅದರ ಹಿಂದೆ ನಿಂತ ಹೆಂಗಸು ಕಂಡಳು. ಇಬ್ಬರೂ ಸುಳ್ಳು ಹೇಳಿದವರಲ್ಲ.

ಆದರೆ ಮಹಫೂಜ್ ಇಷ್ಟಕ್ಕೆ ನಿಲ್ಲುವವನಲ್ಲ. ಗಂಡ ವ್ಯಾಪಾರಕ್ಕಾಗಿ ಪೋರ್ಟ್ ಸಯೀದಿಗೆ ಹೋದಾಗ, ಮಕ್ಕಳ ಒತ್ತಾಯದಿಂದ ಅಮೀನಾ ಮನೆಯಿಂದ ಹೊರಗೆ ಕಾಲಿಡುತ್ತಾಳೆ. ಹೋಗುವುದು ಎಲ್ಲಿಗೆ? ಸಿನಿಮಾಕ್ಕಲ್ಲ, ಅಂಗಡಿಗಲ್ಲ; ತನ್ನ ಜೀವಮಾನದ ಆಸೆಯಾದ ಹುಸೇನರ ಮಸೀದಿಗೆ, ಎಳೆಯ ಮಗ ಕಮಾಲನ ಕೈ ಹಿಡಿದುಕೊಂಡು. ಅತ್ಯಂತ ಸಂಪ್ರದಾಯಸ್ಥವಾದ ಆಸೆ ಅದು. ದರ್ಶನವಾದ ಮೇಲೆ ಮಿಠಾಯಿಯ ಆಸೆಗೆ ಹುಡುಗ ತಾಯಿಯನ್ನು ‘ಹೊಸ ಬೀದಿ’ಯ ಕಡೆಗೆ ಕರೆದೊಯ್ಯುತ್ತಾನೆ, 19ನೇ ಶತಮಾನದಲ್ಲಿ ಹಳೆಯ ಊರನ್ನು ಸೀಳಿ ತೆಗೆದ ಬೀದಿ ಅದು. ಅಲ್ಲಿ ಗದ್ದಲಕ್ಕೆ ತಲೆ ತಿರುಗಿ ಬೀಳುವಾಗ ಅವಳಿಗೆ ಮೋಟಾರು ತಗಲುತ್ತದೆ. ಹೆಗಲಿನ ಎಲುಬು ಮುರಿಯುತ್ತದೆ. ಹಿಂದಿರುಗಿದ ಗಂಡ ಗಾಯ ಮಾಯುವವರೆಗೆ ಸುಮ್ಮನಿದ್ದು, ಆಮೇಲೆ ಅವಳನ್ನು ತವರಿಗೆ ಅಟ್ಟುತ್ತಾನೆ.

ಈ ಪ್ರಸಂಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಒಂದೇ ಅಪರಾಧಕ್ಕೆ ಆ ತಾಯಿ ಎರಡು ಶಿಕ್ಷೆ ಅನುಭವಿಸುತ್ತಾಳೆ. ಹೊಸ ಬೀದಿ ಮೂಳೆ ಮುರಿಯುತ್ತದೆ. ಹಳೆಯ ಮನೆ ಮನಸ್ಸು ಮುರಿಯುತ್ತದೆ. ಬೀದಿಯನ್ನು ಕಡಿಯುವಾಗ ಅವಳನ್ನು ಯಾರೂ ಕೇಳಲಿಲ್ಲ, ಮನೆಯ ಕಟ್ಟಳೆಯನ್ನು ಮಾಡುವಾಗಲೂ ಕೇಳಲಿಲ್ಲ. ಸಂಪ್ರದಾಯ ಆಧುನಿಕತೆಗಳೆರಡೂ ಅವಳ ತಲೆಯ ಮೇಲೆಯೇ ಜಗಳವಾಡಿದುವು.

ಮೂರನೆಯ ಸಂಪುಟದಲ್ಲಿ ಕಾಲ ತಿರುಗುತ್ತದೆ. ಅಬ್ದುಲ್ ಜವಾದನಿಗೆ ವಯಸ್ಸಾಗಿದೆ, ಹೃದಯದ ಬೇನೆ. ಮನೆ ಬಿಟ್ಟು ಹೊರಡುವಂತಿಲ್ಲ. ಅಮೀನಾ ದಿನವೂ ಮಸೀದಿಗಳನ್ನು ಸುತ್ತಿ ಬರುತ್ತಾಳೆ. ಅವನು ಅವಳ ದಾರಿ ಕಾಯುತ್ತಾನೆ. ಯಾರೂ ಭಾಷಣ ಮಾಡಲಿಲ್ಲ, ಯಾವ ಗೋಡೆಯನ್ನೂ ಕೆಡವಲಿಲ್ಲ. ಬಾಗಿಲಿನ ಚಿಲಕ ಹೊರಗಿನಿಂದ ಒಳಗೆ ಬಂತು, ಅಷ್ಟೆ. ಈ ಬದಲಾವಣೆಯನ್ನು ಮಹಫೂಜ್ ಎತ್ತಿದ ದನಿಯಲ್ಲಿ ಹೇಳುವುದಿಲ್ಲ. ಓದುಗನೇ ಗಮನಿಸಿಕೊಳ್ಳಬೇಕು. ಅವನ ಹಿರಿಮೆಯೂ ಅದರಲ್ಲಿಯೇ ಇದೆ ಎಂದು ನನ್ನ ಭಾವನೆ.

1947ರಲ್ಲಿ ಬಂದ ‘ಜುಕಾಕ್ ಅಲ್-ಮಿದಕ್’ ಇದಕ್ಕಿಂತ ಚಿಕ್ಕ ಕಾದಂಬರಿ. ಇಡಿಯ ಕಥೆ ಒಂದೇ ಓಣಿಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆಯುತ್ತದೆ. ಮೊದಲ ಅಧ್ಯಾಯದಲ್ಲಿಯೇ, ವರ್ಷಗಟ್ಟಲೆ ಕಾಫಿ ಅಂಗಡಿಯಲ್ಲಿ ತಂತಿವಾದ್ಯ ಹಿಡಿದು ವೀರಗಾಥೆಗಳನ್ನು ಹಾಡಿದ ಮುದುಕ ಕವಿಯನ್ನು ಅಂಗಡಿಯ ಕಿರ್ಶಾ ಹೊರಗಟ್ಟುತ್ತಾನೆ. ಗಿರಾಕಿಗಳಿಗೆ ಈಗ ರೇಡಿಯೋ ಬೇಕು. ಸುಮ್ಮನೆ ಕಣ್ಣೀರು ಹಾಕಿಸಬಹುದಾಗಿದ್ದ ಜಾಗ. ಲೇಖಕ ಹಾಗೆ ಮಾಡುವುದಿಲ್ಲ. ಮುದುಕನ ಸಂಕಟವೂ ನಿಜ; ಅದೇ ಹಾಡನ್ನು ಕೇಳಿ ಕೇಳಿ ಗಿರಾಕಿಗಳಿಗೆ ಬೇಸರ ಬಂದದ್ದೂ ನಿಜ. ಕಿರ್ಶಾನ ಮಗ ಹುಸೇನ್ ಬ್ರಿಟಿಷ್ ಸೈನ್ಯದ ಕೆಲಸಕ್ಕೆ ಸೇರಿ, ಕೈಯಲ್ಲಿ ಕಾಸಾಡಿದ ಕೂಡಲೆ, ವಿದ್ಯುತ್ ದೀಪವಿರುವ ಮನೆ ಬೇಕೆಂದು ಓಣಿಯನ್ನು ಬೈದು ಹೊರಡುತ್ತಾನೆ. ಕೆಲಸ ಹೋದ ಮೇಲೆ ಹೆಂಡತಿಯೊಡನೆ ಅದೇ ಓಣಿಗೆ ಹಿಂತಿರುಗುತ್ತಾನೆ. ಓಣಿ ಗೊಣಗುತ್ತ ಒಳಗೆ ಸೇರಿಸಿಕೊಳ್ಳುತ್ತದೆ. ಹೊಸ ಊರು ದುಡ್ಡಿರುವವರೆಗೆ ಮಾತ್ರ ಅವನನ್ನು ಇಟ್ಟುಕೊಂಡಿತು.

ಇಲ್ಲಿ ಮಹಫೂಜನ ಮೇಲೆ ನನ್ನದೊಂದು ಆಕ್ಷೇಪಣೆಯೂ ಇದೆ. ಓಣಿಯ ಚೆಲುವೆ ಹಮೀದಾ ಆ ಕೊಳಕನ್ನೂ ಬಡತನವನ್ನೂ ತಾಳಲಾರದೆ ಹೊರಟಾಗ, ಅವಳಿಗೆ ತೆರೆದಿರುವುದು ಒಂದೇ ದಾರಿ, ಸೈನಿಕರಿಗೆ ಮೈ ಮಾರುವ ದಾರಿ. ಗಂಡಸು ಓಣಿ ಬಿಟ್ಟರೆ ಹಿಂತಿರುಗಬಹುದು, ಹೆಂಗಸು ಬಿಟ್ಟರೆ ಕೆಟ್ಟಳು ಎಂಬ ಹಳೆಯ ಗಾದೆಯನ್ನೇ ಕಥೆ ನಿಜಮಾಡಿಬಿಡುತ್ತದೆ. ಆ ಕಾಲದಲ್ಲಿಯೇ ಕಾರ್ಖಾನೆಗೆ ಹೋಗಿ ದುಡಿಯುತ್ತಿದ್ದ ಹುಡುಗಿಯರನ್ನು ಅವನೇ ತೋರಿಸಿದ್ದಾನೆ. ಹಮೀದಾ ಅವರನ್ನು ಕಂಡು ಕರುಬುತ್ತಾಳೆ ಕೂಡ. ಆದರೂ ಆ ದಾರಿಯನ್ನು ಅವಳಿಗೆ ಕೊಡಲಿಲ್ಲ. ಇಲ್ಲಿ ಬಾಗಿಲು ಮುಚ್ಚಿದ್ದು ನಗರವಲ್ಲ, ಕಾದಂಬರಿಕಾರ ಎನ್ನಬೇಕಾಗುತ್ತದೆ. ಮುಂದೆ ಅಮೀನಾಳನ್ನು ಸೃಷ್ಟಿಸುವ ಹೊತ್ತಿಗೆ ಅವನ ಕಣ್ಣು ಇನ್ನಷ್ಟು ಮಾಗಿತ್ತು.

ಈಗ ಮತ್ತೆ ಫತ್ಹಿಯ ಪುಸ್ತಕಕ್ಕೆ ಬರೋಣ. ಮಹಫೂಜನನ್ನು ಓದಿದವನಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ಲುಕ್ಸರ್ ನಗರದ ಎದುರುದಂಡೆಯಲ್ಲಿ, ಪ್ರಾಚೀನ ಸಮಾಧಿಗಳ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಗೌರ್ನಾದ ಜನ ಸಮಾಧಿಗಳಿಂದ ವಸ್ತುಗಳನ್ನು ಕದ್ದು ಮಾರುತ್ತಾರೆಂದು, ಅವರನ್ನು ಬಯಲಿಗೆ ಇಳಿಸಲು ಪುರಾತತ್ವ ಇಲಾಖೆ ನಿಶ್ಚಯಿಸಿತು. ಸುಮಾರು 7,000 ಜನರಿಗೆ ಹೊಸ ಊರು ಕಟ್ಟುವ ಕೆಲಸ 1945ರಲ್ಲಿ ಫತ್ಹಿಗೆ ಬಂತು. ಅಸ್ವಾನಿನ ಕಡೆಯಿಂದ ನೂಬಿಯಾದ ಮೇಸ್ತ್ರಿಗಳನ್ನು ಕರೆಸಿದ. ಕೆಳಗೆ ಮರದ ಆಸರೆಯಿಲ್ಲದೆ ಹಸಿ ಇಟ್ಟಿಗೆಯಿಂದಲೇ ಕಮಾನು ಚಾವಣಿ ಎತ್ತುವ ಅವರ ಪೂರ್ವಿಕರ ವಿದ್ಯೆಯನ್ನು ಬಳಸಿಕೊಂಡ. ಮಸೀದಿ, ನಾಟಕಶಾಲೆ, ಸಂತೆಯ ಕಟ್ಟೆ, ಮನೆಗಳು ಕಣ್ಣಿಗೆ ಹಬ್ಬವೆನ್ನುವಂತೆ ಎದ್ದವು. ಜನ ಮಾತ್ರ ಬರಲೊಲ್ಲರು. ಅವರ ಅನ್ನ ಬೆಟ್ಟದ ಮೇಲಿತ್ತು. ಗುಮ್ಮಟವೆಂದರೆ ಅವರಿಗೆ ಗೋರಿಯ ನೆನಪು ಎಂದೂ ಹೇಳುತ್ತಾರೆ. 1948ರ ಹೊತ್ತಿಗೆ ಕೆಲಸ ಅರ್ಧಕ್ಕೆ ನಿಂತಿತು.

ಫತ್ಹಿ ಈ ಸೋಲನ್ನು ಮುಚ್ಚಿಡಲಿಲ್ಲ. 1969ರಲ್ಲಿ ಕೈರೋದಲ್ಲಿ ಪ್ರಕಟವಾದ ಈ ಪುಸ್ತಕ, ಮುಂದೆ 1973ರಲ್ಲಿ ಅಮೆರಿಕದಲ್ಲಿ ಬೇರೆ ಹೆಸರಿನಿಂದ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಇಲಾಖೆಯ ಕಡತಗಳ ಮೇಲೆ ಅವನಿಗಿರುವ ಸಿಟ್ಟು ಓದುವುದಕ್ಕೆ ಸೊಗಸಾಗಿದೆ. ಪ್ರತಿ ಕುಟುಂಬದೊಡನೆ ಕುಳಿತು ಅವರ ಮನೆಯನ್ನು ರೂಪಿಸಬೇಕೆಂಬ ಅವನ ಆಸೆಯೂ ಪ್ರಾಮಾಣಿಕವಾದದ್ದೇ. ಆದರೆ ಮನೆ ಹೇಗಿರಬೇಕೆಂದು ಕೇಳುವ ಮೊದಲು, ಮನೆ ಬಿಡಬೇಕೇ ಎಂದು ಕೇಳಬೇಕಾಗಿತ್ತು. ಆ ಪ್ರಶ್ನೆಯನ್ನು ಸರ್ಕಾರ ಆಗಲೇ ತೀರ್ಮಾನಿಸಿಬಿಟ್ಟಿತ್ತು. ಇಸ್ಮಾಯಿಲ್ ಕಲ್ಲಿನ ಬೀದಿಯನ್ನು ಹೇರಿದ. ಫತ್ಹಿಯ ಕೈಯಿಂದ ಸರ್ಕಾರ ಮಣ್ಣಿನ ಗುಮ್ಮಟವನ್ನು ಹೇರಿತು. ಎರಡನೆಯದು ನೋಡಲು ಚೆಲುವಾಗಿದೆ, ವಾಸಕ್ಕೂ ತಂಪು, ಆದರೂ ಹೇರಿದ್ದೇ. ಬೆಟ್ಟದ ಮೇಲಿನ ಹಳೆಯ ಗೌರ್ನಾದ ಮನೆಗಳನ್ನು ಕೊನೆಗೆ 2006ರ ಸುಮಾರಿನಿಂದ ಯಂತ್ರ ತಂದು ಕೆಡವಿದರು.

ಇನ್ನೊಂದು ವಿಚಿತ್ರ. ಫತ್ಹಿ ಸ್ಥಿತಿವಂತರ ಮನೆಯವನು. ಕೈರೋದ ಕೋಟೆಯ ಬಳಿಯ ಹಳೆಯ ಮನೆಯೊಂದರಲ್ಲಿ ತಾನಾಗಿ ಬಯಸಿ ವಾಸಮಾಡಿದ. ಗಮಾಲಿಯ್ಯಾದಲ್ಲಿ ಹುಟ್ಟಿದ ಮಹಫೂಜನ ಮನೆಯವರು ಅವನ ಬಾಲ್ಯದಲ್ಲಿಯೇ ಅಬ್ಬಾಸಿಯ್ಯಾ ಎಂಬ ಹೊಸ ಬಡಾವಣೆಗೆ ಹೋದರು. ಅವನು ಸರ್ಕಾರಿ ನೌಕರಿ ಮಾಡಿಕೊಂಡು ಹೊಸ ಊರಿನಲ್ಲಿಯೇ ಬಾಳಿ, ಹಳೆಯ ಓಣಿಯನ್ನು ಬರೆದ. ಹಳೆಯದಕ್ಕೆ ಬರಬಲ್ಲವನೂ ಬಿಟ್ಟು ಹೋಗಬಲ್ಲವನೂ ಇಬ್ಬರೂ ಓಣಿಯನ್ನು ಪ್ರೀತಿಸಬಲ್ಲರು. ಎರಡೂ ಸಾಧ್ಯವಿಲ್ಲದೆ ಅಲ್ಲಿಯೇ ಉಳಿದವರ ಪ್ರೀತಿ ಬೇರೆ ತೆರನಾದದ್ದು. ನಾವು ಓದುಗರು ಯಾವ ಗುಂಪಿಗೆ ಸೇರಿದವರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಹಳೆಯ ಊರಿನ ಹಳಮೆಯ ಬಗ್ಗೆಯೂ ಒಂದು ಮಾತು. ‘ಬೈನ್ ಅಲ್-ಕಸ್ರೈನ್’ ಎಂದರೆ ಎರಡು ಅರಮನೆಗಳ ನಡುವೆ ಎಂದರ್ಥ. ಆ ಎರಡು ಅರಮನೆಗಳಲ್ಲಿ ಇಂದು ಒಂದೂ ಉಳಿದಿಲ್ಲ. ಫಾತಿಮೀಗಳ ಅರಮನೆಗಳು ಅಳಿದ ಜಾಗದಲ್ಲಿ ಮಮ್ಲೂಕ್ ಸುಲ್ತಾನ ಕಲಾವೂನ್ 1280ರ ದಶಕದಲ್ಲಿ ತನ್ನ ಆಸ್ಪತ್ರೆ, ಮದ್ರಸಾ, ಗೋರಿಗಳನ್ನು ಕಟ್ಟಿಸಿದ. ಜನಸಾಮಾನ್ಯರಿಗೆ ಪ್ರವೇಶವಿಲ್ಲದ ರಾಜಧಾನಿಯಾಗಿ ಹುಟ್ಟಿದ ಊರು, 1171ರಲ್ಲಿ ಸಲಾದಿನ್ ಆ ವಂಶವನ್ನು ಕೊನೆಗಾಣಿಸಿದ ಮೇಲೆ ಎಲ್ಲರ ಊರಾಯಿತು. ಅಂದರೆ ನಾವು ಸಂಪ್ರದಾಯ ಎಂದು ಕೈಮುಗಿಯುವುದೂ ಒಂದು ಕಾಲದಲ್ಲಿ ಕೆಡವಿ ಕಟ್ಟಿದ ಹೊಸದೇ. ಇತ್ತ ನೇರ ಬೀದಿಯನ್ನು ಬರಿಯ ಖಳನೆನ್ನುವಂತೆಯೂ ಇಲ್ಲ. 1919ರಲ್ಲಿ ಬ್ರಿಟಿಷರ ವಿರುದ್ಧ ಜನ ಎದ್ದಾಗ ಹೆಂಗಸರೂ ಮೆರವಣಿಗೆ ಹೊರಟರು. 2011ರಲ್ಲಿ ಲಕ್ಷಗಟ್ಟಲೆ ಜನ ಸೇರಿದ ತಹ್ರೀರ್ ಚೌಕ, ಇಸ್ಮಾಯಿಲನ ಹೆಸರನ್ನೇ ಹೊತ್ತಿದ್ದ ಚೌಕ. ದೊರೆ ಅತಿಥಿಗಳಿಗಾಗಿ ಬಿಡಿಸಿದ ಜಾಗವನ್ನು ಪ್ರಜೆಗಳು ತಮ್ಮದಾಗಿ ಮಾಡಿಕೊಂಡರು.

ಇಂದಿನ ಕೈರೋದಲ್ಲಿ ಈ ಕಥೆ ಮುಗಿದಿಲ್ಲ. 1979ರಲ್ಲಿ ಹಳೆಯ ನಗರ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೂ 2020ರಿಂದೀಚೆಗೆ ಹೆದ್ದಾರಿಗಳಿಗಾಗಿ ಅಲ್ಲಿನ ಪುರಾತನ ಸ್ಮಶಾನಗಳ ಗೋರಿಗಳು ಉರುಳಿವೆ. 2015ರಲ್ಲಿ ಘೋಷಿಸಿದ ಹೊಸ ಆಡಳಿತ ರಾಜಧಾನಿ ಸುಮಾರು 45 ಕಿಲೋಮೀಟರು ದೂರದ ಮರುಭೂಮಿಯಲ್ಲಿ ಏಳುತ್ತಿದೆ. ಇಸ್ಮಾಯಿಲನ ಆತ್ಮಕ್ಕೆ ಶಾಂತಿಯಾಗಿರಬೇಕು. ಇವುಗಳ ನಡುವೆ ಒಂದು ಸಣ್ಣ ಸಮಾಧಾನವೂ ಇದೆ. ಶತಮಾನಗಳ ಕಸ ಬಿದ್ದು ಗುಡ್ಡವಾಗಿದ್ದ ದರ್ರಾಸಾದಲ್ಲಿ ಆಗಾ ಖಾನ್ ಸಂಸ್ಥೆಯವರು 30 ಹೆಕ್ಟೇರಿನ ಅಲ್-ಅಜ್ಹರ್ ಉದ್ಯಾನವನ್ನು ಮಾಡಿ 2005ರಲ್ಲಿ ತೆರೆದರು. ಕಸ ತೆಗೆಯುವಾಗ ಸಲಾದಿನ್ನನ ವಂಶದವರ ಕಾಲದ ಕೋಟೆಗೋಡೆ ಹೊರಬಂತು. ಗೋಡೆಗೆ ಒರಗಿದ ದರ್ಬ್ ಅಲ್-ಅಹ್ಮರ್ ಎಂಬ ಬಡ ಕೇರಿಯನ್ನು ಚಿತ್ರ ಕೆಡುತ್ತದೆಂದು ಎತ್ತಿಬಿಡಲಿಲ್ಲ. ಅಲ್ಲಿನವರಿಗೇ ಮರಗೆಲಸ ಕಲ್ಲುಕೆಲಸ ಕಲಿಸಿದರು, ಅವರು ಇದ್ದ ಮನೆಗಳನ್ನೇ ರಿಪೇರಿ ಮಾಡಿಕೊಳ್ಳಲು ನೆರವಾದರು. ದೊಡ್ಡ ನಗರದ ಲೆಕ್ಕದಲ್ಲಿ ಇದು ಅಲ್ಪವೇ. ಆದರೆ ಇಲ್ಲಿ ಕ್ರಮ ಸರಿಯಾಗಿದೆ: ಮೊದಲು ಮನುಷ್ಯ, ಆಮೇಲೆ ಗೋಡೆ.

ನನ್ನ ಮಿತ್ರರು ಮುಂದಿನ ಭಾನುವಾರ ಮತ್ತೆ ಬರುವವರಿದ್ದಾರೆ. ಕಾದಂಬರಿ ಓದಿ ಊರು ಕಟ್ಟುವುದಕ್ಕಾಗುವುದಿಲ್ಲ ಎಂಬ ಅವರ ಮಾತನ್ನು ಒಪ್ಪಿಕೊಳ್ಳುವವನಿದ್ದೇನೆ. ಅಡಿಪಾಯ ಎಷ್ಟು ಆಳವಿರಬೇಕು, ಗಾಳಿಗೂಡು ಯಾವ ದಿಕ್ಕಿಗೆ ತೆರೆಯಬೇಕು ಎಂಬುದನ್ನು ಮಹಫೂಜ್ ಹೇಳಲಾರ. ಅದಕ್ಕೆ ಫತ್ಹಿಯೇ ಬೇಕು. ಆದರೆ ಗಾಳಿಗೂಡಿನ ಕೆಳಗೆ ಕುಳಿತವಳಿಗೆ ಹೊರಗೆ ಹೋಗುವ ಹಕ್ಕಿದೆಯೇ, ಅವಳು ಹೋಗುವ ಬೀದಿಯಲ್ಲಿ ನಡೆಯಲು ಜಾಗವಿದೆಯೇ ಎಂದು ಕೇಳುವ ಜಾಣ್ಮೆ ಯಾವ ನಕ್ಷೆಯಲ್ಲಿಯೂ ಸಿಕ್ಕುವುದಿಲ್ಲ. ಅದಕ್ಕಾಗಿ ಅವರು ಬದಿಗೆ ಸರಿಸಿದ ಆ ಪುಸ್ತಕವನ್ನು ಒಂದು ವಾರದ ಮಟ್ಟಿಗೆ ಅವರ ಕೈಗೆ ಕೊಟ್ಟು ಕಳಿಸೋಣವೆಂದಿದ್ದೇನೆ.